ಬರ್ಡೆಟ್ ವಕೀಲ ಸೋಲಲು ಹೊರಟದ್ದು

“ಈ ಸಲಾನೂ ಗೆದ್ದು ಬಂದ್ರೆ ಬಾಗ್ಲು ತೆಗಿಯಲ್ಲ, ನೋಡಿ!” ಎಂದು ಪರ್ಮೀಲಿಯಾ ಗಂಡನ ಮುಂದೆ ಕಾಫಿ ಲೋಟ ಕುಕ್ಕಿದಳು.

ವಕೀಲ ಲೆಮ್ಯುಯೆಲ್ ಬರ್ಡೆಟ್‌ನಿಗೂ ಬೇಕಾಗಿದ್ದದ್ದು ಸೋಲೇ. ವರ್ಷಗಟ್ಟಲೆ ಕೆಂಟಕಿಯ ಶಾಸನಸಭೆಗೆ ಆರಿಸಿಹೋಗಿ, ಚಳಿಗಾಲವೆಲ್ಲ ರಾಜಧಾನಿ ಫ್ರಾಂಕ್‌ಫರ್ಟ್‌ನ ಛತ್ರದಲ್ಲಿ ತಿಗಣೆಗಳ ಜೊತೆ ಹಾಸಿಗೆ ಹಂಚಿಕೊಂಡು, ಯಾರೂ ಕೇಳದ ಭಾಷಣ ಮಾಡಿ ಅವನಿಗೆ ಸಾಕುಸಾಕಾಗಿತ್ತು. ಈ ಚಳಿಗಾಲವಾದರೂ ಮನೆಯ ಒಲೆಯ ಮುಂದೆ ಕಾಲು ಚಾಚಬೇಕು. ಆದರೆ ಪಕ್ಷದವರು ಅವನನ್ನು ಕೇಳದೆಯೇ ನಿಲ್ಲಿಸಿಬಿಟ್ಟಿದ್ದರು.

ಚುನಾವಣೆಯ ದಿನ ಕೋರ್ಟಿನ ಹಜಾರದಲ್ಲಿ ಆಗಸ್ಟಿನ ಸೆಕೆ. ಮತದಾರ ಬಂದು ಎಲ್ಲರೆದುರು ತನಗೆ ಬೇಕಾದವನ ಹೆಸರು ಕೂಗಬೇಕು, ಆ ಹೆಸರಿನವನು ಎದ್ದು ಬಾಗಿ ವಂದಿಸಬೇಕು. ಎದುರಾಳಿ, ಹಿಟ್ಟಿನ ಗಿರಣಿಯ ಏಸಾ ಹೋಲ್ಕಮ್, ಹೊರಗೆ ವಿಸ್ಕಿ ಪೀಪಾಯಿ ಇಡಿಸಿದ್ದ. ಬರ್ಡೆಟ್ ಬೇಕೆಂದೇ ತೊಟ್ಟು ನೀರನ್ನೂ ಇಡಿಸಲಿಲ್ಲ.

“ನೋಡ್ರಯ್ಯಾ, ಕುಡಿಸಿ ಓಟು ಕೇಳೋನಲ್ಲ ನಮ್ಮ ವಕೀಲ!” ಎಂದು ಕಮ್ಮಾರ ಜೂಬಲ್ ಬಾಯಿಗಂಟಿದ ಹೋಲ್ಕಮ್‌ನ ವಿಸ್ಕಿ ಒರೆಸಿಕೊಳ್ಳುತ್ತ ಕೂಗಿದ. “ಬರ್ಡೆಟ್!”

ಬರ್ಡೆಟ್ ಏಳಲೂ ಇಲ್ಲ, ವಂದಿಸಲೂ ಇಲ್ಲ. ಗರ್ವಿಷ್ಠ ಎಂದು ಬೈದುಕೊಳ್ಳಲಿ ಎಂಬ ಆಸೆ.

“ಪಾಪ, ನಮಗೋಸ್ಕರ ದುಡಿದು ದುಡಿದು ಸೊಂಟಾನೇ ಹೋಗಿದೆ,” ಎಂದು ಜೂಬಲ್ ಮರುಗಿದ. ಹಿಂದಿದ್ದವರೂ ಮರುಗಿ ಬರ್ಡೆಟ್ ಹೆಸರನ್ನೇ ಕೂಗಿದರು.

ವಿಸ್ಕಿಯ ಋಣ ತೀರಿಸಿದವರೂ ಅಷ್ಟೇ ಇದ್ದು, ಸಂಜೆಗೆ ಇಬ್ಬರ ಮತವೂ ಸಮ. ಉಳಿದದ್ದು ಅವರಿಬ್ಬರ ಮತವೇ. ತನ್ನ ಹೆಸರನ್ನು ತಾನೇ ಕೂಗಿಕೊಳ್ಳುವುದು ಅಲ್ಲಿ ಮರ್ಯಾದಸ್ಥರ ಲಕ್ಷಣವಲ್ಲ. ಬರ್ಡೆಟ್ ಸೊಂಟ ಮರೆತು ಎಗರಿ ನಿಂತ. “ಹೋಲ್ಕಮ್!”

ಆಮೇಲೆ ಎದುರಾಳಿಯ ಕಿವಿಯಲ್ಲಿ ಪಿಸುಗುಟ್ಟಿದ: “ನಿನ್ನ ಹೆಸರೇ ಕೂಗ್ಕೊಳ್ಳೋ ಮಾರಾಯ, ಯಾರೂ ಏನೂ ಅನ್ನಲ್ಲ.”

“ಛೆ, ನಮ್ಮಪ್ಪ ನನ್ನ ಹಾಗೆ ಬೆಳೆಸಿಲ್ಲ,” ಎಂದು ಹೋಲ್ಕಮ್ ಕಣ್ಣೀರು ತುಂಬಿಕೊಂಡು ಕೂಗಿದ: “ಬರ್ಡೆಟ್!”

ಮತ್ತೆ ಸಮ. ಹಾಗಾದರೆ ಚುನಾವಣೆ ನಡೆಸುವ ಪೊಲೀಸ್ ಅಧಿಕಾರಿ ಶೆರೀಫನದೇ ನಿರ್ಣಾಯಕ ಮತ. ಬರ್ಡೆಟ್‌ನಿಗೆ ಹೋದ ಜೀವ ಬಂದಂತಾಯಿತು. ಶೆರೀಫ್ ಟ್ಯಾಂಡಿಗೆ ಅವನ ಮುಖ ಕಂಡರಾಗದು.

“ವಕೀಲರೇ, ಕೋರ್ಟಲ್ಲಿ ನನ್ನ ಮಾನ ಕಳೆದು ಹಂದಿ ಕಳ್ಳನ್ನ ಬಿಡಿಸಿದ್ರಲ್ಲ, ನೆನಪಿದ್ಯಾ?”

“ಚೆನ್ನಾಗಿ ನೆನಪಿದೆ! ಸೇಡು ತೀರಿಸ್ಕೊಳ್ಳಿ, ಸಂಕೋಚ ಬೇಡ!”

“ತೀರಿಸ್ಕೊಳ್ತೀನಿ. ಚಳಿಗಾಲಕ್ಕೆ ಇನ್ನೂ ಮೂವರು ಕಳ್ಳರ ವಿಚಾರಣೆ ಇದೆ. ನೀವು ಊರಲ್ಲಿದ್ರೆ ಒಬ್ಬನೂ ಜೈಲಿಗೆ ಹೋಗಲ್ಲ.” ಟ್ಯಾಂಡಿ ಮೀಸೆ ತಿರುವಿ ಕೂಗಿದ: “ಬರ್ಡೆಟ್!”

ಜನ ಅವನನ್ನು ಹೆಗಲ ಮೇಲೆ ಹೊತ್ತು, ಜೈಕಾರ ಹಾಕುತ್ತ ಮನೆಯ ಮೆಟ್ಟಿಲವರೆಗೂ ತಂದು ಇಳಿಸಿದರು. ಆ ಗದ್ದಲ ಒಳಗೂ ಕೇಳಿಸಿರಬೇಕು. ಬರ್ಡೆಟ್ ಬಾಗಿಲು ತಟ್ಟಲು ಕೈ ಎತ್ತುವಷ್ಟರಲ್ಲಿ ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.