ದೇವದಾಸ ಕೋಡೆಕ್ ಹಾಕಿದ ದಿನ

ಪಾರ್ವತಿಬಾಯಿ ಕೈ ತೊಳೆದು ಬರುವಷ್ಟರಲ್ಲಿ, ಗಲ್ಲಾದ ಪಕ್ಕದ ಕುರ್ಚಿಯ ಮೇಲೆ ಇಟ್ಟಿದ್ದ ಅವರ ಹಳದಿ ಚೀಲ ಮಾಯವಾಗಿತ್ತು. ಚೀಲದಲ್ಲಿ ಇದ್ದದ್ದು ಪೈಠಣಿ ಸೀರೆ. ಮಗಳ ಮದುವೆಗೆಂದು ಯೇವಲೆಯ ನೇಕಾರರಿಗೆ ಹೇಳಿ ನೇಯಿಸಿದ್ದು, ಮುಂಜಾನೆಯ ಬಸ್ಸಿಗೆ ಹೋಗಿ ತಾವೇ ತಂದದ್ದು. ಮನೆಗೆ ಹೋಗುವ ಮೊದಲು ಎರಡು ಇಡ್ಲಿ ತಿನ್ನೋಣವೆಂದು ಹೋಟೆಲಿಗೆ ಹೊಕ್ಕಿದ್ದೇ ತಪ್ಪಾಯಿತು.

ನಾಶಿಕದ ಅಂಬಡ್ ಕಾರ್ಖಾನೆಗಳ ದಾರಿಯಲ್ಲಿದ್ದ ಆ ಸಸ್ಯಾಹಾರಿ ಹೋಟೆಲಿನ ಮ್ಯಾನೇಜರ್ ದೇವದಾಸ. ಕುಂದಾಪುರದ ಕಡೆಯವನು. ಹೋಟೆಲಿನ ಧಣಿಗಳು ಸಂಭಾಜಿನಗರದಲ್ಲಿ ಇನ್ನೊಂದು ಹೋಟೆಲ್ ನಡೆಸುತ್ತ ಅಲ್ಲೇ ಇದ್ದರು. ದೇವದಾಸ ಹೆದರಿಕೆಯ ಮನುಷ್ಯ. ಒಲೆಯ ಮೇಲೆ ಹಾಲಿಟ್ಟ ಕೂಡಲೇ ಅದು ಉಕ್ಕಿಹೋಯಿತು ಎಂದು ಓಡುವವನು. ಚೀಲ ಇಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ಗಲ್ಲಾ ಬಿಟ್ಟು ಟೇಬಲ್‌ಗಳ ಕೆಳಗೆ ಬಗ್ಗಿ ಹುಡುಕತೊಡಗಿದ.

ಪಾರ್ವತಿಬಾಯಿ ಅಫಜಲಪುರದ ಕಡೆಯಿಂದ ಬಂದು ನಾಶಿಕದಲ್ಲೇ ನೆಲೆಸಿದ ಹೆಂಗಸು. ಗದ್ದಲ ಮಾಡಲಿಲ್ಲ. ಗಲ್ಲಾದ ಎದುರಿನ ಕುರ್ಚಿಯಲ್ಲಿ ಕುಳಿತು, ಸೀರೆ ಸಿಗುವ ತನಕ ಏಳುವುದಿಲ್ಲ ಎಂದರು, ಅಷ್ಟೆ. ಗದ್ದಲವನ್ನು ಉಳಿದವರು ವಹಿಸಿಕೊಂಡರು. ಪಕ್ಕದ ಮೊಬೈಲ್ ಅಂಗಡಿಯ ರೋಷನ್ ಗಿರಾಕಿಗಳನ್ನು ಬಿಟ್ಟು ಬಂದ. ದಿನಾ ಅಲ್ಲೇ ತಿಂಡಿ ತಿನ್ನುವ ಬ್ಯಾಂಕಿನ ಅಕ್ಷಯ ರಜೆ ಹಾಕಿದವನಂತೆ ಒಳ್ಳೆಯ ಜಾಗ ನೋಡಿ ಕುಳಿತ. ಆ ಹೊತ್ತಿಗೆ ಗಲ್ಲಾದ ಪಕ್ಕದ ಟೇಬಲ್ ಒರೆಸುತ್ತಿದ್ದವರು ಯಾರು ಎಂದು ಅವನೇ ಕೇಳಿದ್ದು. ಯಾರೂ ಹೆಸರು ಹೇಳಲಿಲ್ಲ. ಎಲ್ಲರೂ ಮಹಿಬೂಬನ ಕಡೆಗೆ ನೋಡಿದರು. ದೇವದಾಸನೂ ನೋಡಿದ.

ಮಹಿಬೂಬ ಇಂಡಿ ತಾಲೂಕಿನ ಕಡೆಯವನು. ಕಟ್ಟಡದ ಕೆಲಸಕ್ಕೆಂದು ನಾಶಿಕಕ್ಕೆ ಬಂದು, ಬೆನ್ನು ಹಿಡಿದುಕೊಂಡ ಮೇಲೆ ಹೋಟೆಲಿಗೆ ಸೇರಿದವನು. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಟೇಬಲ್ ಮೇಲಿಟ್ಟ.

"ನೀವೂ ನನ್ನ ಕಡೀನ ನೋಡಿದ್ರಿ, ಸಾಹೇಬ್ರ," ಎಂದ. "ಕ್ಯಾಮೆರಾ ಐತಲ್ಲರಿ ಮ್ಯಾಲ. ಹಚ್ಚಿ ತೋರಸ್ರಿ. ಎಲ್ಲಾರೂ ನೋಡ್ಲಿ."

ದೇವದಾಸನಿಗೆ ಅವನ ಮುಖ ನೋಡಲಾಗಲಿಲ್ಲ. ಧಣಿಗಳಿಗೆ ಫೋನ್ ಮಾಡಿದ. ಸಂಜೆಯೊಳಗೆ ಇತ್ಯರ್ಥವಾಗದಿದ್ದರೆ ಪೊಲೀಸರನ್ನು ಕರೆಯಬೇಕಾಗುತ್ತದೆ, ಹೋಟೆಲಿನ ಹೆಸರು ಹಾಳಾದರೆ ನೀನೇ ಜವಾಬ್ದಾರ ಎಂದರು ಅವರು.

ಕ್ಯಾಮೆರಾ ಇದ್ದದ್ದು ನಿಜ. ಆದರೆ ಅದನ್ನು ಜೋಡಿಸಿದ್ದು ಹಿಂದಿನ ಮ್ಯಾನೇಜರನ ಮೊಬೈಲಿಗೆ, ಅವನು ಊರಿಗೆ ಹೋದವನು ಫೋನೇ ಎತ್ತುತ್ತಿರಲಿಲ್ಲ. ಉಳಿದದ್ದು ಕ್ಯಾಮೆರಾದ ಹೊಟ್ಟೆಯಲ್ಲಿದ್ದ ಮೆಮೊರಿ ಕಾರ್ಡ್ ಒಂದೇ. ಕಾರ್ಡನ್ನು ಬೇರೆಲ್ಲಿಗಾದರೂ ಒಯ್ದು ನೋಡೋಣವೆಂದರೆ ಪಾರ್ವತಿಬಾಯಿ ಒಪ್ಪಲಿಲ್ಲ, ಏನಿದ್ದರೂ ತಮ್ಮ ಕಣ್ಣೆದುರೇ ಆಗಬೇಕು. ಅಕ್ಷಯನ ಬಳಿ ಲ್ಯಾಪ್‌ಟಾಪ್ ಇತ್ತು. ಬ್ಯಾಂಕಿನದು, ಹೊರಗಿನ ಕಾರ್ಡ್ ಹಾಕಿದರೆ ಕೆಲಸ ಹೋಗುತ್ತದೆ ಎಂದು ಅದನ್ನು ಎದೆಗೆ ಅವಚಿಕೊಂಡ. ಹಾಗಾಗಿ ಎಲ್ಲರ ಕಣ್ಣೂ ಗಲ್ಲಾದ ಮೇಲಿದ್ದ ಬಿಲ್ಲಿನ ಕಂಪ್ಯೂಟರಿನ ಮೇಲೆ ಬಿತ್ತು.

ಆ ಹಳೆಯ ಕಂಪ್ಯೂಟರ್ ಆಮೆಯಂತೆ ತೆವಳುತ್ತಿದ್ದಾಗ ಅದಕ್ಕೆ ಲಿನಕ್ಸ್ ಎಂಬ ಹಗುರವಾದ ವ್ಯವಸ್ಥೆ ಹಾಕಿಕೊಟ್ಟವನು ದೇವದಾಸನ ಹೆಂಡತಿ ಸರೋಜಿನಿಯ ತಮ್ಮ ದೀಪಕ. ಅವನಿಗೆ ಸಂಭಾಜಿನಗರದ ಹತ್ತಿರ ಬಿಡಕಿನ್‌ನ ಹೊಸ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಅಂದಿನಿಂದ ಬಿಲ್ಲು ಸರಾಗವಾಗಿ ಬರುತ್ತಿತ್ತು. ಬಿಲ್ಲಿನ ಹೊರತು ಅದರಲ್ಲಿ ಬೇರೇನಿದೆ ಎಂದು ದೇವದಾಸ ಇಣುಕಿಯೂ ನೋಡಿರಲಿಲ್ಲ.

ಕಾರ್ಡ್ ಹಾಕಿ ಬೆಳಗಿನ ಕಡತವನ್ನು ಒತ್ತಿದರೆ, ಈ ವಿಡಿಯೋಗೆ ಬೇಕಾದ ಕೋಡೆಕ್ ಇಲ್ಲ ಎಂದು ಪರದೆಯ ಮೇಲೆ ಬಂತು. ಕೋಡೆಕ್ ಎಂದರೆ ಏನು ಎಂದು ಪಾರ್ವತಿಬಾಯಿ ಕೇಳಿದರು. ದೇವದಾಸ ದೀಪಕನಿಗೆ ಫೋನ್ ಹಚ್ಚಿದ. ವಿಡಿಯೋವನ್ನು ಒತ್ತಿ ಒತ್ತಿ ಮಡಚಿಟ್ಟಿರುತ್ತಾರೆ, ಬಿಚ್ಚುವ ಉಪಾಯ ಗೊತ್ತಿಲ್ಲದಿದ್ದರೆ ಚಿತ್ರ ಕಾಣುವುದಿಲ್ಲ, ಆ ಉಪಾಯವೇ ಕೋಡೆಕ್ ಎಂದು ದೀಪಕ ವಿವರಿಸಿದ. ಇಂಟರ್ನೆಟ್ಟಿನಿಂದ ಇಳಿಸಿಕೊಂಡರೆ ಆಯಿತು, ಚಿಟಿಕೆ ಹೊಡೆಯುವಷ್ಟರ ಕೆಲಸ ಎಂದ.

ಪರದೆಯ ಮೇಲೆ ಆಜ್ಞೆ ಬರೆಯುವ ಕರಿಯ ಕಿಟಕಿಯೊಂದನ್ನು ತೆರೆಸಿ ಅದರಲ್ಲಿ ಒಂದೊಂದೇ ಅಕ್ಷರ ಬರೆಸತೊಡಗಿದ. ಫೋನಿನಲ್ಲಿ ಸರಿಯಾಗಿ ಕೇಳಲೆಂದು, ಎಸ್ ಅಂದರೆ ಸಂಭಾಜಿನಗರ, ಯು ಅಂದರೆ ಉಡುಪಿ ಎಂದು ಬಿಡಿಸಿ ಹೇಳಿದ. ದೇವದಾಸ ಸಂಭಾಜಿನಗರ, ಉಡುಪಿ ಎರಡನ್ನೂ ಪೂರ್ತಿ ಬರೆದ. ಇಂಥ ಆಜ್ಞೆ ನನಗೆ ಗೊತ್ತಿಲ್ಲ ಎಂದಿತು ಕಂಪ್ಯೂಟರ್.

ಎರಡನೆಯ ಸಲ ಅದು ಪಾಸ್‌ವರ್ಡ್ ಕೇಳಿತು. ದೇವದಾಸ ಒತ್ತಿದರೆ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಕೀಬೋರ್ಡ್ ಕೆಟ್ಟಿದೆ ಎಂದು ರೋಷನ್ ಅದನ್ನು ಬೋರಲು ಹಾಕಿ ಬಡಿದ. ಒಳಗಿನಿಂದ ಖಾರಾಸೇವಿನ ಚೂರು, ಸಾಸಿವೆ, ಅಕ್ಕಿಯ ಕಾಳು ಉದುರಿದವು. ದೇವದಾಸ ಪಾಸ್‌ವರ್ಡಿನ ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳುತ್ತ ಮತ್ತೆ ಒತ್ತಿದ. ಅಕ್ಷರ ಕಾಣಿಸುವುದೇ ಇಲ್ಲ, ಹಾಗೇ ಒತ್ತುತ್ತ ಹೋಗಬೇಕು ಎಂದು ದೀಪಕ ಹೇಳುವ ಹೊತ್ತಿಗೆ ಇಡೀ ಹೋಟೆಲಿಗೆ ಪಾಸ್‌ವರ್ಡ್ ಬಾಯಿಪಾಠವಾಗಿತ್ತು.

ಊಟದ ಗಿರಾಕಿಗಳು ಬರತೊಡಗಿದರು. ಬಿಲ್ಲು ಮಾಡುವ ಯಂತ್ರ ಕೋಡೆಕ್ ಇಳಿಸುತ್ತಿತ್ತು. ಮಹಿಬೂಬ ಎಂದಿನಂತೆ ಬಡಿಸುತ್ತಿದ್ದ, ಆದರೆ ಅವನು ಹತ್ತಿರ ಬಂದಾಗಲೆಲ್ಲ ಗಿರಾಕಿಗಳು ತಮ್ಮ ಚೀಲಗಳನ್ನು ಮೆಲ್ಲಗೆ ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ದೇವದಾಸ ಅದನ್ನು ಕಂಡ. ಕಂಡಷ್ಟೂ ಅವನ ಬೆರಳುಗಳು ತಪ್ಪು ಕೀಲಿಗಳ ಮೇಲೆ ಬೀಳುತ್ತಿದ್ದವು.

ಅಷ್ಟರಲ್ಲಿ ಪರದೆಯ ತುಂಬ ಇಂಗ್ಲಿಷಿನ ಕರಾರು ಬಂದು ನಿಂತಿತು. ಕೆಳಗೆ ಓಕೆ ಎಂದಿತ್ತು. ಮೌಸಿನಿಂದ ಒತ್ತಿದರೆ ಅಲುಗಲಿಲ್ಲ. ದೀಪಕನನ್ನು ಕೇಳೋಣವೆಂದರೆ ಅವನು ಮೀಟಿಂಗಿಗೆ ಹೋಗಿದ್ದ. ಓದದೆ ಯಾವ ಕರಾರಿಗೂ ಒಪ್ಪಬಾರದು ಎಂದು ಅಕ್ಷಯ ಅದನ್ನು ಮೊದಲಿಂದ ಗಟ್ಟಿಯಾಗಿ ಓದತೊಡಗಿದ. ನಡುವೆ ಅವನ ಮೊಣಕೈ ತಗುಲಿ ಚಹಾ ಕೀಬೋರ್ಡಿನ ಮೇಲೆ ಚೆಲ್ಲಿತು. ಮಹಡಿಯ ಮೇಲಿನ ಮನೆಯಿಂದ ಇಳಿದು ಬಂದ ಸರೋಜಿನಿ ಏನನ್ನೂ ಕೇಳದೆ ಬಟ್ಟೆ ತಂದು ಕೀಬೋರ್ಡನ್ನು ಈ ತುದಿಯಿಂದ ಆ ತುದಿಗೆ ತಿಕ್ಕಿ ಒರೆಸಿದಳು. ಕರಾರು ಮಾಯವಾಗಿ ಕೆಲಸ ಮುಂದುವರಿಯಿತು. ಯಾವ ಕೀಲಿ ಒತ್ತಿದಳೆಂದು ಅವಳಿಗೂ ತಿಳಿಯದು.

ಎಲ್ಲ ಮುಗಿದ ಮೇಲೆ ವಿಡಿಯೋ ಹಚ್ಚಿದರು. ಸದ್ದು ಬಂತು. ತಟ್ಟೆ ಲೋಟಗಳ ಸದ್ದು, ದೋಸೆ ಚುಂಯ್ ಎನ್ನುವ ಸದ್ದು. ಚಿತ್ರ ಮಾತ್ರ ಅಮಾವಾಸ್ಯೆ. ಪಾರ್ವತಿಬಾಯಿ ಕಣ್ಣು ಮುಚ್ಚಿ ಕುಳಿತರು. ಹೊರಗೆ ಮೋಟಾರ್‌ಸೈಕಲ್ ನಿಂತದ್ದಕ್ಕೆ ಪೊಲೀಸರೇ ಬಂದರೆಂದು ದೇವದಾಸ ಎದ್ದು ನಿಂತ. ಬಂದವನು ಮೊಸರಿನವನು.

ಚಹಾದ ಹೊತ್ತಿಗೆ ದೀಪಕ ಮತ್ತೆ ಫೋನಿಗೆ ಸಿಕ್ಕ. ರಸ್ತೆ ಕೆಲಸದವರು ಇಡುವ ಕಿತ್ತಳೆ ಬಣ್ಣದ ಶಂಕುವಿನ ಚಿತ್ರವಿರುವ ಇನ್ನೊಂದು ಪ್ಲೇಯರ್ ಇದೆ, ಅದನ್ನು ಹಾಕಿ, ಅದು ಎಂಥದ್ದನ್ನೂ ತೋರಿಸುತ್ತದೆ ಎಂದ. ಹಾಕಿದರು. ಎಲ್ಲರಿಗೂ ಕಾಣಲೆಂದು ರೋಷನ್ ಕಂಪ್ಯೂಟರನ್ನು ಗೋಡೆಯ ದೊಡ್ಡ ಟಿವಿಗೆ ಜೋಡಿಸಿದ. ಅಡಿಗೆಯವರೂ ಹೊರಗೆ ಬಂದು ನಿಂತರು. ದೇವದಾಸ ಒತ್ತಿದ.

ಚಿತ್ರ ನೀರಿನಷ್ಟು ತಿಳಿಯಾಗಿ ಮೂಡಿತು. ಪಾರ್ವತಿಬಾಯಿ ಚೀಲವನ್ನು ಕುರ್ಚಿಯ ಮೇಲಿಟ್ಟು ಕೈ ತೊಳೆಯಲು ಹೋದರು. ಮಹಿಬೂಬ ಟೇಬಲ್ ಒರೆಸಿ, ಚೀಲದ ಕಡೆ ತಿರುಗಿಯೂ ನೋಡದೆ ಒಳಗೆ ಹೋದ. ಆಮೇಲೆ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡ ಒಬ್ಬ ಮನುಷ್ಯ ಗಲ್ಲಾದಿಂದ ಎದ್ದ. ಚೀಲವನ್ನು ಎತ್ತಿಕೊಂಡು, ಬಾಗಿಲು ದಾಟುತ್ತಿದ್ದ ಗಿರಾಕಿಯೊಬ್ಬನ ಹಿಂದೆ ಓಡಿದ. ಗಿರಾಕಿ ಬೇಡ ಬೇಡ ಎಂದು ತಲೆಯಾಡಿಸಿದ. ಇವನು ಬಿಡಲಿಲ್ಲ. ಚೀಲವನ್ನು ಅವನ ತೋಳಿಗೆ ತೂಗುಹಾಕಿ, ಕೈ ಮುಗಿದು, ರಿಕ್ಷಾ ಹತ್ತಿಸಿ ಕಳಿಸಿದ.

ಆ ಮನುಷ್ಯ ದೇವದಾಸ.

ಟಿವಿಯಲ್ಲಿ ದೇವದಾಸ ನಗುನಗುತ್ತ ಗಲ್ಲಾಕ್ಕೆ ಮರಳಿದ. ಗಲ್ಲಾದಲ್ಲಿದ್ದ ದೇವದಾಸ ಟಿವಿಗೆ ಬೆನ್ನು ಹಾಕಿದ. ಹೋಟೆಲಿನ ಪಾರ್ಸಲ್ ಚೀಲವೂ ಹಳದಿಯೇ. ಬೆಳಗಿನ ಗಡಿಬಿಡಿಯಲ್ಲಿ ಅವನು ಹಂಚಿದ ಪಾರ್ಸಲ್‌ಗಳಿಗೆ ಲೆಕ್ಕವಿರಲಿಲ್ಲ. ಅವನು ಮಹಿಬೂಬನ ಹತ್ತಿರ ಹೋಗಿ, ತನ್ನಿಂದ ತಪ್ಪಾಯಿತು ಎಂದು ಎಲ್ಲರೆದುರೇ ಹೇಳಿದ. ಮಹಿಬೂಬ ಆ ಗಿರಾಕಿಯ ಗುರುತು ತನಗಿದೆ ಎಂದ. ಸಂಭಾಜಿನಗರದ ಆಚೆಯ ಕನ್ನಡ ಎಂಬ ಊರಿನ ಶುಂಠಿ ವ್ಯಾಪಾರಿ. ಹೋಟೆಲಿಗೂ ಶುಂಠಿ ಕೊಡುತ್ತಿದ್ದುದರಿಂದ ಅಡಿಗೆಮನೆಯಲ್ಲಿ ಅವನ ನಂಬರ್ ಇತ್ತು.

ಫೋನೆತ್ತಿದ ವ್ಯಾಪಾರಿಯ ದನಿ ದೇವದಾಸನ ದನಿಗಿಂತ ಕುಗ್ಗಿತ್ತು. ಹೋಟೆಲಿನವರು ಕೈ ಮುಗಿದು ಪೈಠಣಿ ಕೊಟ್ಟರು ಎಂದರೆ ಮನೆಯಲ್ಲಿ ಹೆಂಡತಿ ನಂಬುತ್ತಿಲ್ಲ, ಯಾರಿಗೆಂದು ಕೊಂಡದ್ದು ಎಂದು ಮಧ್ಯಾಹ್ನದಿಂದ ಕೇಳುತ್ತಿದ್ದಾಳೆ ಎಂದ. ರೋಷನ್ ಟಿವಿಯಲ್ಲಿ ಓಡುತ್ತಿದ್ದುದನ್ನು ಮೊಬೈಲಿನಲ್ಲಿ ಹಿಡಿದು ಕಳಿಸಿದ. ಈಗ ಮೊಬೈಲಿನಲ್ಲಿ ಯಾರು ಏನು ಬೇಕಾದರೂ ಹುಟ್ಟಿಸುತ್ತಾರೆ ಎಂದು ಆಕೆ ಅದನ್ನೂ ತಳ್ಳಿಹಾಕಿದಳು. ಕಾರ್ಡನ್ನೂ ಅದನ್ನು ತೋರಿಸುವ ಯಂತ್ರವನ್ನೂ ತರಲಿ, ಕಣ್ಣಾರೆ ನೋಡಿಯೇ ಸೀರೆ ಕೊಡುವುದು ಎಂಬುದು ಆಕೆಯ ಕೊನೆಯ ಮಾತು.

ಕಾರ್ಡ್ ಹೊರಗೆ ಹೋಗಲು ಪಾರ್ವತಿಬಾಯಿ ಈಗ ಒಪ್ಪಿದರು. ಆದರೆ ಒಂದು ವ್ಯವಸ್ಥೆ ಅವರೇ ಮಾಡಿದರು.

"ನೀವ ಹೋಗ್ರಿ ಕನ್ನಡಕ್ಕ," ಎಂದರು ದೇವದಾಸನಿಗೆ. "ಗಲ್ಲಾದ ಕೀಲಿ ಮಹಿಬೂಬನ ಕೈಯಾಗ ಕೊಡ್ರಿ. ಇಲ್ಲಿ ನಂಬಿಗಿ ಮನಷಾ ಅವನೊಬ್ಬನ ಕಾಣಸ್ತಾನ."

ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ದೇವದಾಸ ಸಂಭಾಜಿನಗರದ ಬಸ್ಸಿನಲ್ಲಿ ಕುಳಿತ. ಕಂಡಕ್ಟರ್ ಡಬ್ಬಿಗೂ ಟಿಕೆಟ್ ಹರಿದ. ಬಸ್ಸು ನಾಶಿಕ ದಾಟುವಾಗ, ಆ ದಿನದಲ್ಲಿ ಮೊದಲ ಬಾರಿಗೆ, ದೇವದಾಸ ಸೀಟಿಗೆ ಬೆನ್ನು ಆನಿಸಿದ. ಮಹಿಬೂಬನ ಮೇಲಿನ ಮಾತು ಹೋಯಿತು, ಸೀರೆ ಇರುವ ಜಾಗ ಗೊತ್ತಾಯಿತು, ಯಂತ್ರವೂ ಕೈಯಲ್ಲಿದೆ. ಇನ್ನು ತೋರಿಸುವುದೊಂದೇ ಬಾಕಿ.

ಆಗ ದೀಪಕನ ಫೋನ್ ಬಂತು.

"ಭಾವ, ಒಂದು ಹೇಳ್ಲಿಕ್ಕೇ ಮರ್ತೋಯ್ತು," ಎಂದ. "ಪ್ಲೇಯರ್ ಹಾಕಿದ ಮೇಲೆ ಅದು ಒಳಗೊಳಗೇ ಇಡೀ ಸಿಸ್ಟಮ್ ಅಪ್‌ಡೇಟ್ ಮಾಡ್ಕೊಳ್ತಾ ಇರ್ತದೆ. ನಡುವೆ ಕರೆಂಟ್ ಹೋದ್ರೆ ಹಾಕಿದ್ದೆಲ್ಲ ಹಾಳಾಗಿ ಮತ್ತೆ ಮೊದಲಿಂದ ಶುರು ಮಾಡ್ಬೇಕು. ಅದೊಂದು ಬೆಳಿಗ್ಗೆ ತನಕ ಆನ್ ಇರ್ಲಿ, ಆಯ್ತಾ?"

ದೇವದಾಸ ತೊಡೆಯ ಕಡೆಗೆ ನೋಡಿದ. ಬೆಡ್‌ಶೀಟಿನ ಸಂದಿಯಿಂದ ಹೊರಬಿದ್ದ ಪ್ಲಗ್ಗು ಬಸ್ಸು ಕುಲುಕಿದಂತೆಲ್ಲ ಅವನ ಮೊಣಕಾಲಿಗೆ ಬಡಿಯುತ್ತಿತ್ತು.