ರೀಸ್ಟಾರ್ಟ್ ಸಾಹೇಬರಿಗೆ ಸಿಕ್ಕ ಬನ್ನಿ

ಕಾಗವಾಡ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರು ನೋಡಿಕೊಳ್ಳುವುದು ನನ್ನ ಕೆಲಸ. ನಾನು ಕೂರುವ ಸರ್ವರ್ ಕೋಣೆ ಹಿಂದಿನ ಗೇಟಿನ ಹತ್ತಿರ, ಆಫೀಸು ಮುಂದಿನ ಗೇಟಿಗೆ, ನಡುವೆ ಕಬ್ಬಿನ ಗಾಡಿ ನಿಲ್ಲುವ ದೊಡ್ಡ ಬಯಲು. ಸೇರಿ ಎಂಟು ತಿಂಗಳಾದರೂ ಆಫೀಸಿನವರಿಗೆ ನಾನು ಬರೀ ಫೋನಿನ ದನಿ. ಏನೇ ಕೆಟ್ಟರೂ "ರೀಸ್ಟಾರ್ಟ್ ಮಾಡಿ ನೋಡ್ರಿ" ಅನ್ನುತ್ತೇನೆಂದು ರೀಸ್ಟಾರ್ಟ್ ಸಾಹೇಬ ಅಂತ ಹೆಸರಿಟ್ಟಿದ್ದಾರೆ. ಇಂಥ ಬಾಳಿನಲ್ಲೂ ನಗೆ ಬರುವಂಥದ್ದು ಆಗುತ್ತಲೇ ಇರುತ್ತದೆ. ಒಬ್ಬನೇ ಕೂತು ನಗಬೇಕು, ಅಷ್ಟೇ.

ತಾನೇ ಓಡುವ ಮೌಸು

ಹೆಡ್ ಕ್ಲಾರ್ಕ್ ಚಿಂಚಲಿ ಊರಿನವರು, ಹಿರಿಯರು. ಒಂದಿನ ಅವರ ಫೈಲು ತೆರೆಯಲಿಲ್ಲ. ನನ್ನ ಕೋಣೆಯಿಂದಲೇ ಅವರ ಕಂಪ್ಯೂಟರಿನೊಳಗೆ ಹೊಕ್ಕು ಸರಿಮಾಡತೊಡಗಿದೆ. ಪರದೆಯ ಮೇಲೆ ಬಾಣ ಓಡಾಡುವುದನ್ನು ಕಂಡು ಅವರು ಫೋನಿನಲ್ಲಿ ದನಿ ತಗ್ಗಿಸಿದರು. "ಸಾಹೇಬ್ರ, ನಾ ಮುಟ್ಟಿಲ್ಲರಿ. ತಾನ ಓಡಾಡಾಕತ್ತೇತಿ."

"ನಾನರಿ ಅದು."

"ನೀವು ಫೋನಿನ್ಯಾಗ ಅದೀರಲ್ಲ?"

ಮರುದಿನ ಮೌಸು ಕೆಲಸ ಮಾಡುತ್ತಿಲ್ಲ ಅಂತ ಮತ್ತೆ ಫೋನು. ವಿಚಾರಿಸಿದರೆ, ಬೆಳಿಗ್ಗೆ ಅದಕ್ಕೆ ಕೈಮುಗಿದು, ಬುಡದಲ್ಲಿ ಕೆಂಪಗೆ ಹೊಳೆಯುವ ಕಣ್ಣಿಗೆ ಕುಂಕುಮ ಹಚ್ಚಿದ್ದರು.

ಮುಚ್ಚದ ಫೈಲು

ಕಬ್ಬು ನುರಿಸುವ ಸೀಜನ್ ಶುರುವಾಗುವ ಮೊದಲು ಹಳೇ ಸರ್ವರ್ ತೆಗೆದು ಡೊಮೇನನ್ನು ಹೊಸದಕ್ಕೆ ಒಪ್ಪಿಸಬೇಕಿತ್ತು. ಡೊಮೇನು ಅಂದರೆ ಒಂದು ಮನೆತನ ಅಂದುಕೊಳ್ಳಿ. ಯಾರು ಒಳಗೆ ಬರಬೇಕು, ಯಾರು ಯಾವ ಫೈಲು ಮುಟ್ಟಬೇಕು ಅಂತ ಹೇಳುವ ಯಜಮಾನ ಸರ್ವರು. ಯಜಮಾನ ಬದಲಾಗಬೇಕು, ಎಲ್ಲರೂ ಹಂಚಿಕೊಳ್ಳುವ ಫೋಲ್ಡರು ಮಾತ್ರ ನಿಲ್ಲಬಾರದು. ಕಬ್ಬು ಕಡಿಯುವ ಸರದಿ ಪಟ್ಟಿ ಅದರಲ್ಲೇ ಇದೆ. ಅದು ಕಾಣದಿದ್ದರೆ ಶಿರಗುಪ್ಪಿಯಿಂದ ಪಾಲಬಾವಿಯವರೆಗಿನ ರೈತರೆಲ್ಲ ಗೇಟಿಗೆ ಬರುತ್ತಾರೆ.

ತೆರೆದ ಫೈಲನ್ನು ದಾಟಿಸಲು ಬರುವುದಿಲ್ಲ, ಒಂದು ದಿನ ಫೈಲು ಮುಚ್ಚಿರಿ ಅಂತ ಫೋನಿನಲ್ಲೇ ಎಲ್ಲರನ್ನೂ ಬೇಡಿಕೊಂಡೆ. ಸ್ಟೋರ್‌ಕೀಪರ್ ಮಾತ್ರ ಒಪ್ಪಲಿಲ್ಲ. "ಮುಚ್ಚಿದರ ಮತ್ತ ಎಲ್ಲಿ ಇಟ್ಟೇನಿ ಅಂತ ಸಿಗೂದಿಲ್ಲರಿ. ತೆರದ ಇರಲಿ."

"ಯಾವಾಗಿಂದ ತೆರದೈತ್ರಿ?"

"ಹ್ವಾದ ವರ್ಷದ ಖಂಡೇ ಪೂಜಿ ಮುಗದ ಮ್ಯಾಲಿಂದರಿ. ಅವತ್ತ ಒಂದಿನ ಅಷ್ಟ ಎಲ್ಲಾ ಬಂದ್ ಮಾಡ್ತೀವಿ. ಹತ್ಯಾರ ಮುಟ್ಟಬಾರದಲ್ಲರಿ."

ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡರೂ ನನಗೆ ಹೊಳೆಯದ ದಿನವನ್ನು, ದಸರೆಯ ಆಯುಧ ಪೂಜೆಯನ್ನು, ಫೈಲು ಮುಚ್ಚಲು ಬಾರದ ಮನುಷ್ಯ ಹೇಳಿಬಿಟ್ಟರು.

ಪೂಜೆಗೆ ಬಂದ ಬಾಳೆಹಣ್ಣು

ಖಂಡೇ ಪೂಜೆಯ ದಿನ ಆಫೀಸಿನ ಕಂಪ್ಯೂಟರೆಲ್ಲ ಹೂ ಮುಡಿದು ಮಲಗಿದವು. ನಾನೊಬ್ಬನೇ ಕೂತು ಹೆಸರು, ಪಾಸ್‌ವರ್ಡು, ಫೋಲ್ಡರಿನ ಹಕ್ಕು ಎಲ್ಲವನ್ನೂ ಹೊಸ ಸರ್ವರಿಗೆ ದಾಟಿಸುತ್ತಿದ್ದೆ. ಹಿಂದಿನ ಗೇಟಿನ ವಾಚ್‌ಮನ್ ಪೂಜೆಯ ತಟ್ಟೆ ಹಿಡಿದು ಬಂದವನು ಗಾಬರಿಯಾದ. "ಹತ್ಯಾರ ಇವತ್ತ ಮುಟ್ಟಬಾರದ್ರಿ ಸಾಹೇಬ್ರ."

"ನಾನೂ ಹತ್ಯಾರನ ಕಾಕಾ. ನನ್ನ ಯಾರೂ ಬಂದ್ ಮಾಡಿಲ್ಲ."

ಅವನು ತಟ್ಟೆಯನ್ನು ಮೇಜಿನ ಮೇಲಿಟ್ಟ. ಆಮೇಲೆ ನನ್ನ ಹಣೆಗೆ ಕುಂಕುಮ ಹಚ್ಚಿ, ಸರ್ವರಿಗೆ ತಂದ ಬಾಳೆಹಣ್ಣು ನನ್ನ ಮುಂದಿಟ್ಟು, ಕೈಮುಗಿದು, ಬಾಗಿಲು ಎಳೆದುಕೊಂಡು ಹೋದ.

ವೈರು ಕಿತ್ತದ್ದು

ದಸರೆ ಮುಗಿಸಿ ಎಲ್ಲರೂ ಕೆಲಸಕ್ಕೆ ಬಂದರು. ಫೋಲ್ಡರು ತೆರೆಯಿತು, ಪಟ್ಟಿ ಕಂಡಿತು, ಒಂದೂ ಫೋನು ಬರಲಿಲ್ಲ. ಕೆಲಸ ಚೊಕ್ಕವಾಯಿತು ಅಂತ ಖುಷಿಪಡಬೇಕಿತ್ತು, ಮಧ್ಯಾಹ್ನದ ಹೊತ್ತಿಗೆ ನನಗೆ ಅಳು ಬಂದಂತಾಯಿತು. ದಸರೆಯ ಬಂಗಾರವೆಂದು ಹಂಚುವ ಬನ್ನಿ ಎಲೆ ಕೊಡಲಿಕ್ಕೂ ಒಬ್ಬರು ಬಯಲು ದಾಟಿ ಬಂದಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಹೊಸ ಸರ್ವರಿನ ವೈರು ನಾನೇ ಕಿತ್ತೆ. ಬೈಯಲಿಕ್ಕಾದರೂ ಯಾರಾದರೂ ಬರಲಿ ಅಂತ.

ಅರ್ಧ ತಾಸಾದರೂ ಫೋನಿಲ್ಲ. ಹೆದರಿ ನಾನೇ ಬಯಲು ದಾಟಿದೆ. ಆಫೀಸಿನವರೆಲ್ಲ ಮುಂದಿನ ಗೇಟಿನ ಚಾದಂಗಡಿಯಲ್ಲಿ ಆರಾಮಾಗಿ ಕೂತಿದ್ದರು. ಕಬ್ಬಿನ ವಿಚಾರಕ್ಕೆ ಬಂದ ರೈತನೆಂದುಕೊಂಡು ಒಬ್ಬರು ಸರಿದು ಜಾಗ ಕೊಟ್ಟರು. ಮುಖ ಗೊತ್ತಿರಲಿಲ್ಲ, ದನಿಯಿಂದ ಸ್ಟೋರ್‌ಕೀಪರ್ ಅಂತ ತಿಳಿಯಿತು. "ಕುಂಡ್ರರಿ ಅಣ್ಣಾರ, ಚಾ ಕುಡೀರಿ. ಫೋಲ್ಡರ್ ಬಂದ್ ಬಿದ್ದೈತಿ, ಪಟ್ಟಿ ಕಾಣೂದಿಲ್ಲ. ಆದ್ರ ಗಪ್ ಇರ್ರಿ. ರೀಸ್ಟಾರ್ಟ್ ಸಾಹೇಬಗ ತಿಳದರ ಪಟ್ನ ಸರಿ ಮಾಡಿಬಿಡ್ತಾನ."

ದನಿ ಕೇಳಿದರೆ ಗುರುತು ಹಿಡಿಯುತ್ತಾರೆಂದು ಬರೀ ತಲೆಯಾಡಿಸಿ ಚಾ ಕುಡಿದೆ. ಎಂಟು ತಿಂಗಳಲ್ಲಿ ಮೊದಲ ಸಲ ಮಂದಿಯ ನಡುವೆ ಕೂತಿದ್ದೆ, ಏಳುವ ಮನಸ್ಸಿರಲಿಲ್ಲ. ಅಷ್ಟರಲ್ಲಿ ಹಿರಿಯರೊಬ್ಬರು ಜೇಬಿನಿಂದ ಬನ್ನಿ ತೆಗೆದು ನನ್ನ ಕೈಗಿಟ್ಟರು, ದನಿ ಚಿಂಚಲಿಯ ಹೆಡ್ ಕ್ಲಾರ್ಕರದು. "ತೊಗೋರಿ, ನಾವೂ ನೀವೂ ಬಂಗಾರದ್ಹಂಗ ಇರೋಣು."

ಬನ್ನಿ ತಗೊಂಡು ಸುಮ್ಮನಿರಲಾದೀತೇ? "ಬಂಗಾರದ್ಹಂಗ ಇರೋಣ್ರಿ" ಅಂದೆ.

ಎಲ್ಲರ ಕೈಯಲ್ಲಿನ ಕಪ್ಪುಗಳೂ ನಡುವೆಯೇ ನಿಂತವು. ಹೆಡ್ ಕ್ಲಾರ್ಕ್ ನನ್ನ ಮುಖವನ್ನೇ ನೋಡಿದರು. "ಸಾಹೇಬ್ರ, ಹಂಗಾರ ಸರಿ ಮಾಡಾಕ ಬಂದ್ರೇನ್ರಿ?"

"ಇಲ್ರಿ," ಅಂದೆ, "ಇನ್ನೊಂದು ಚಾ ಆಗಲಿ."