ಕೆಂಪು ಗುರುತಿನ ಕುರಿಗಳು

ಮೇಲಿನವರು ಕುರ್ಚಿ ಬಿಟ್ಟು ಹಳ್ಳಿ ಕಡೆ ಹೊರಟರೆ ಏನಾದರೊಂದು ಆಗದೆ ಇರುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಧುಗಿರಿ ಸೀಮೆಯ ಒಂದು ದನದಾಸ್ಪತ್ರೆಯಲ್ಲಿ ಕಾಂಪೌಂಡರ್. ಆಗ ಬಂದ ಸಾಹೇಬರೊಬ್ಬರು ಅಷ್ಟೂ ವರ್ಷ ಫೈಲು ನೋಡಿದವರೇ ಹೊರತು ಕುರಿ ನೋಡಿದವರಲ್ಲ.

೧. ಸಾಲಾಗಿ ಕಳಿಸಿ

ದೊಡ್ಡೇರಿ ಕಡೆ ಒಬ್ಬ ಅಜ್ಜನ ಕುರಿಗಳಿಗೆ ಲಸಿಕೆ ಹಾಕಬೇಕಿತ್ತು. ಸಾಹೇಬರು ಕುರಿ ರೊಪ್ಪದ ಬಾಗಿಲಿಗೇ ಅಡ್ಡಲಾಗಿ ಮೇಜು ಹಾಕಿಸಿ ಕೂತರು. "ಒಂದೊಂದೇ ಸಾಲಾಗಿ ಕಳಿಸಯ್ಯ" ಅಂದರು.

"ಬಾಗ್ಲಾಗೆ ಕುಂತ್ಕಬ್ಯಾಡಿ ಸಾಮಿ. ಮುಂದಿನ್ದು ಹೆಂಗೋದ್ರೆ ಎಲ್ಲಾವೂ ಅಂಗೇ ಓಯ್ತವೆ" ಅಂದ ಅಜ್ಜ.

ಕೇಳಿದರೆ ತಾನೆ! ಮುಂದಿನ ಟಗರು ಮೇಜು ಹಾರಿತು. ಹಿಂದಿನವೂ ಹಾರಿದವು. ಸಾಹೇಬರು ಮೇಜಿನ ಕೆಳಗಿಂದಲೇ ಕೂಗಿದರು: "ಯಾರ ಪರ್ಮಿಷನ್ ತಗೊಂಡು ಹೋಗ್ತಿವೆ ಇವು?"

೨. ಬಣ್ಣ

ಅವತ್ತೇ ಆರ್ಡರಾಯಿತು: ಲಸಿಕೆ ಹಾಕಿದ ಕುರಿಯ ಬೆನ್ನಿಗೆ ಕೆಂಪು ಬಣ್ಣ ಬಳಿಯಬೇಕು. ದೂರದಿಂದಲೇ ತಪಾಸಣೆ ಮಾಡಬಹುದಲ್ಲ! ಅಜ್ಜ ಕುರಿಗಳನ್ನೆಲ್ಲ ಮತ್ತೆ ಕೂಡಿ ತಂದ ಮೇಲೆ ಒಂದೊಂದಕ್ಕೂ ಸೂಜಿ ಹಾಕಿ ಬಳಿದೆ. ಅಂಗಿಯೆಲ್ಲ ಕೆಂಪು ಮಾಡಿಕೊಂಡು ಮನೆಗೆ ಬಂದರೆ, ಬಸುರಿ ಹೆಂಡತಿ "ಅಯ್ಯಯ್ಯೋ, ಯಾರನ್ನ ಹೊಡೆದು ಬಂದ್ರಿ?" ಅಂತ ಕಿರುಚಿಕೊಂಡಳು.

"ಇನ್ನೂ ಹೊಡೆದಿಲ್ಲ ಕಣೇ" ಅಂದೆ.

೩. ತಪಾಸಣೆ

ತಿಂಗಳಾದ ಮೇಲೆ ಸಾಹೇಬರು ಮತ್ತೆ ಬಂದರು. ಅಷ್ಟರಲ್ಲಿ ಅಜ್ಜ ಉಣ್ಣೆ ಕತ್ತರಿಸಿಬಿಟ್ಟಿದ್ದ. ಕುರಿಗಳೆಲ್ಲ ಬೋಳು ಬೋಳು.

"ಗುರುತೆಲ್ಲಿ? ಒಂದಕ್ಕೂ ಸೂಜಿ ಹಾಕಿಲ್ಲ ನೀನು! ನಾಳೆನೇ ಪಾವಗಡದ ಗಡಿಗೆ ವರ್ಗ ಮಾಡಿಸ್ತೀನಿ!"

ಹೆಂಡತಿಗೆ ದಿನ ತುಂಬಿದೆ, ಈಗ ಗಂಟುಮೂಟೆ ಕಟ್ಟಿ ಎಲ್ಲಿಗೆ ಹೋಗಲಿ?

"ಗುರುತು ಉಣ್ಣೇಲಿದೆ ಸಾರ್" ಅಂದೆ.

"ಹಾಗಾದ್ರೆ ಉಣ್ಣೆ ತೋರಿಸು."

ಅಜ್ಜ ನಮ್ಮಿಬ್ಬರನ್ನೂ ಕಂಬಳಿ ನೇಯುವವರ ಮನೆಗೆ ಕರೆದುಕೊಂಡು ಹೋದ. ಸಾಹೇಬರು ಕನ್ನಡಕ ಏರಿಸಿ, ಸೀನುತ್ತಾ ಸೀನುತ್ತಾ ಮೂಟೆಯೊಳಗೆಲ್ಲ ಕೈಯಾಡಿಸಿದರು. ಪುಣ್ಯಕ್ಕೆ ಕೆಂಪು ಉಣ್ಣೆ ಸಿಕ್ಕಿತು. ಅಲ್ಲೇ ಕೂತು, ಜೋರಾಗಿ ಓದಿಕೊಳ್ಳುತ್ತಾ ವರದಿ ಬರೆದರು: "ಖುದ್ದಾಗಿ ಪರಿಶೀಲಿಸಿದೆ. ಎಲ್ಲವೂ ಆರೋಗ್ಯವಾಗಿವೆ."

ವರ್ಗ ತಪ್ಪಿತು. ಹೋದ ಜೀವ ಬಂದ ಹಾಗಾಯಿತು.

ಅಜ್ಜ ಕೈಮುಗಿದ. "ಉಣ್ಣೆ ಉಸಾರಾಗೈತೆ ಅಂದ್ರಲ್ಲ ಸಾಮಿ, ಬಲು ಸಂತೋಸ. ರೊಪ್ಪದಾಗೆ ಕುರಿನೂ ಅವೆ, ಒಂದ್ ಕಿತ ನೋಡ್ಕಂಡು ಓಯ್ತೀರಾ?"